ಹಿಮಸರೋವರ ಒಡೆಯತಕ್ಕ ದಿನಾಂಕ

ಯಾರ ಅನುಮತಿಗೂ ಕಾಯದೆ ಹಿಮ ಕರಗಿಸುವ, ನಾಳಿನ ಸಂಗತಿಯನ್ನು ತನ್ನಲ್ಲೇ ಇಟ್ಟುಕೊಂಡಿರುವ ಪರಮ ದಯಾಳು ಅಲ್ಲಾಹನಿಗೆ ಮೊದಲ ವಂದನೆ.

ನಮ್ಮ ಸರಿ-ಬುಲಾಕ್ ಹಳ್ಳಿಯ ಮೇಲಿರುವ ಹಿಮಸರೋವರವು ಈ ವಸಂತಕ್ಕೂ ಶತಮಾನದ ಕೊನೆಗೂ ನಡುವೆ ಒಂದು ದಿನ ಒಡೆಯತಕ್ಕದ್ದೆಂದು ಹವಾಮಾನ ಮುನ್ಸೂಚನಾ ಕಚೇರಿಯು ತೀರ್ಮಾನಿಸಿತು. ಒಡೆಯದೆಯೂ ಇರಬಹುದೆಂದು ಅಡಿಟಿಪ್ಪಣಿಯಲ್ಲಿ ಸೇರಿಸಿತ್ತು. ಮನುಷ್ಯನಿಗೆ ಇಷ್ಟು ತಿಳಿವಳಿಕೆ ಕೊಟ್ಟವನು ದೊಡ್ಡವನು.

ಸರೋವರದಿಂದ ಇಳಿಯುವ ಕೊರಕಲಿನ ಬಾಯಲ್ಲೇ ಮನೆಯಿದ್ದ ವಿಧವೆ ಬುರುಲ್ಚಾ ಅಕ್ಕನಿಗೆ ಮಾತ್ರ ಇದು ಸಾಲಲಿಲ್ಲ. ಸರೋವರದ ಅಂಚಿಗೆ ಕಾಲುವೆ ತೋಡಿ ನೀರನ್ನು ಮೆಲ್ಲಗೆ ಇಳಿಸೋಣ ಎಂದಳು. ಇಂಥದ್ದಕ್ಕೆ ನಮ್ಮಲ್ಲಿ ಊರಿಗೆ ಊರೇ ಗುದ್ದಲಿ ಹಿಡಿದು ಬರುತ್ತದೆ. ಎರಡು ದಿನದ ಕೆಲಸ. ಆದರೆ ಅನುಮತಿ ಬೇಕಿತ್ತು. ಮೂರು ಇಲಾಖೆಯವರು ಒಂದೇ ಜೀಪಿನಲ್ಲಿ ಬಂದರು. ಅಕ್ಕ ಕುರಿ ಕೊಯ್ಸಿ ಊಟಕ್ಕಿಟ್ಟಳು.

"ಕೊರಕಲಲ್ಲಿ ಐನೂರು ಸಸಿ ನೆಟ್ಟಿದ್ದೀವಿ," ಎಂದರು ಅರಣ್ಯದವರು. "ಅಲ್ಲಿ ನೀರು ಬಿಡೋ ಹಾಗಿಲ್ಲ."

"ಕೆರೆ ಒಡೆದ್ರೆ ನೀರು ಬರಲ್ವಾ?"

"ಅದು ಅನುಮತಿ ಇಲ್ಲದ ನೀರು, ಅಕ್ಕ. ನಮ್ಮ ಜವಾಬ್ದಾರಿ ಅಲ್ಲ."

ಪಕ್ಷಿ ಇಲಾಖೆಯವರು ಎಲುಬು ಕೆಳಗಿಟ್ಟರು. "ವಲಸೆ ಕೊಕ್ಕರೆ ಆ ಸರೋವರದಲ್ಲೇ ಇಳಿಯೋದು. ನೀರು ಒಂದು ಗೇಣೂ ಕಮ್ಮಿಯಾಗಬಾರದು."

"ಎಷ್ಟು ಬರ್ತವೆ?"

"ಹೋದ ವರ್ಷ ಎರಡು."

"ನನ್ನ ಮನೇಲಿ ಐದು ಜನ ಇದ್ದೀವಿ."

"ಅಳಿವಿನಂಚಿನ ಪಟ್ಟೀಲಿ ನೀವಿಲ್ಲವಲ್ಲಕ್ಕ."

ಅಕ್ಕ ಹವಾಮಾನದ ಸೆಯಿತ್‌ಕಾಜಿಯ ಕಡೆ ತಿರುಗಿದಳು. "ತಮ್ಮಾ, ಒಂದೇ ಮಾತು ಹೇಳು. ಈ ಬೇಸಿಗೇಲಿ ನಾನು ಈ ಮನೇಲಿ ಮಲಗಲೋ, ಬೇಡವೋ?"

ಸೆಯಿತ್‌ಕಾಜಿ ಬೆರಳಿನ ಜಿಡ್ಡು ಒರೆಸಿಕೊಂಡು ನನ್ನನ್ನು ನೋಡಿದ. "ಮುಲ್ಲಾ ಸಾಹೇಬ್ರೇ, ದುವಾ ಮಾಡಿಬಿಡಿ."

ನಮ್ಮಲ್ಲಿ ಊಟದ ಕೊನೆಗೆ ಕೈಯೆತ್ತಿ ಬೇಡುವ ದುವಾ ಆಗಿ ಎಲ್ಲರೂ ಮುಖ ಸವರಿಕೊಂಡರೆ ಮುಗಿಯಿತು. ಆಮೇಲೆ ಯಾರೂ ಕೂರುವಂತಿಲ್ಲ, ಮಾತು ಬೆಳೆಸುವಂತಿಲ್ಲ. ದೇವರ ಹೆಸರೆತ್ತಿದ ಮೇಲೆ ನಾನು ತಡಮಾಡುವವನಲ್ಲ. ಕೈಯೆತ್ತಿದೆ. ಎಲ್ಲರೂ ಎದ್ದರು. ಅಕ್ಕನ ಪ್ರಶ್ನೆ ಎಲುಬುಗಳ ಜೊತೆ ಅಲ್ಲೇ ಉಳಿಯಿತು.

ಜುಲೈ ಒಂಬತ್ತರ ಮಧ್ಯಾಹ್ನ ಸರೋವರ ಒಡೆಯಿತು. ದೇವರ ದಯೆ, ಅಕ್ಕನ ಮನೆಯವರೆಲ್ಲ ಕುರಿಗಳೊಂದಿಗೆ ಮೇಲಿನ ಹುಲ್ಲುಗಾವಲಿನಲ್ಲಿದ್ದರು. ಮನೆ ಮಾತ್ರ ಹೋಯಿತು.

ಅದೇ ಜೀಪು ಮತ್ತೆ ಬಂತು. ಅಕ್ಕ ತನ್ನ ಗುಡಾರದಲ್ಲಿ ಮತ್ತೊಂದು ಕುರಿ ಬಡಿಸಿದಳು. ಪ್ರಕಟಣೆಯನ್ನು ಓದಲಾಯಿತು: ಘಟನೆಯು ನಿಗದಿತ ಅವಧಿಯೊಳಗೇ ಜರುಗಿರುವುದರಿಂದ ಮುನ್ಸೂಚನೆಯು ನಿಖರವೆಂದು ದೃಢಪಟ್ಟಿದೆ. ಸಸಿಗಳು ಹನ್ನೆರಡು ಕಿಲೋಮೀಟರ್ ಕೆಳಕ್ಕೆ ತಲುಪಿರುವುದರಿಂದ ಅರಣ್ಯವು ಅಷ್ಟರಮಟ್ಟಿಗೆ ವಿಸ್ತರಿಸಿದೆ. ಮನೆಯಿದ್ದ ಜಾಗದಲ್ಲಿ ನಿಂತ ನೀರಿಗೆ ಎರಡು ಕೊಕ್ಕರೆ ಇಳಿದಿರುವುದರಿಂದ ಅಲ್ಲಿ ಮನೆ ಕಟ್ಟುವುದನ್ನು ನಿಷೇಧಿಸಲಾಗಿದೆ. ಶ್ರೀಮತಿ ಬುರುಲ್ಚಾ ಅವರನ್ನು ಸದರಿ ಕೊಕ್ಕರೆಗಳ ಗೌರವ ರಕ್ಷಕಿಯನ್ನಾಗಿ ನೇಮಿಸಲಾಗಿದೆ.

ಊರವರು ಅಕ್ಕನಿಗೆ ಶುಭಾಶಯ ಹೇಳಿದರು. ಹುದ್ದೆ ಸಿಕ್ಕಿದ್ದು ನಮ್ಮೂರಲ್ಲಿ ಅವಳಿಗೇ ಮೊದಲು.

"ನಾನೊಂದು ಕೇಳಬೇಕು," ಎಂದಳು ಅಕ್ಕ. ಮೂರೂ ಇಲಾಖೆಯವರು ನನ್ನ ಮುಖ ನೋಡಿದರು. ಈ ಸಲ ನನ್ನ ಕೈ ಮಡಿಲಲ್ಲೇ ಇತ್ತು. ಅದನ್ನು ಅಕ್ಕ ನೋಡಿದಳು, ನೋಡಿ ನಕ್ಕಳು.

"ಬಿಡಿ ಮುಲ್ಲಾ, ದುವಾ ಮಾಡಿ. ಇವರು ಹೊರಡಲಿ. ಕೊಕ್ಕರೆ ಮಲಗೋ ಹೊತ್ತು."

ಕೈಯೆತ್ತಿದೆ. ಎತ್ತಿದ ಕೈಯಲ್ಲೇ, ಇಷ್ಟು ಹೊತ್ತು ಕೇಳಿದ ನಿಮಗಾಗಿಯೂ ಬೇಡುತ್ತೇನೆ: ನಿಮ್ಮ ಮನೆ ಇದ್ದಲ್ಲೇ ಇರಲಿ, ನಿಮ್ಮ ನೀರು ಮೆಲ್ಲಗೆ ಇಳಿಯಲಿ, ನಿಮ್ಮ ಹೆಸರು ಯಾವುದಾದರೊಂದು ಪಟ್ಟಿಯಲ್ಲಿ ಸೇರಲಿ. ಆಮೀನ್.