ಸಾಲಿನ ಕೊನೆಯ ಎರಡು ಖಾಲಿ ಜಾಗ

ಬಸ್ಸಿನ ಸಮಯ ತಿಳಿಸುವ ಆ್ಯಪ್ ಮಾಡಿದವನಿಗೆ ತೊಂದರೆ ಬರುದಾದರೆ ಬಸ್ಸಿನವರಿಂದ ಬರಬೇಕು. ನನಗೆ ಬಂದದ್ದೆಲ್ಲ ಖಾಲಿ ಜಾಗದಿಂದ. ಅದೂ ಒಂದು ಮುಗಿಯುವಾಗ ಇನ್ನೊಂದು.

ಮೊದಲು ನನ್ನ ಬಗ್ಗೆ ನಾನೇ ಹೇಳಬೇಕು, ಬೇರೆಯವರು ಸರಿಯಾಗಿ ಹೇಳುದಿಲ್ಲ. ಗುತ್ತಿಗಾರಿನಲ್ಲಿ ಕೂತು ಪುತ್ತೂರು, ಸುಳ್ಯ, ಕಡಬದ ಬಸ್ಸುಗಳನ್ನೆಲ್ಲ ಫೋನಿನೊಳಗೆ ತಂದವ ನಾನು. ದೊಡ್ಡ ದೊಡ್ಡ ಕಂಪೆನಿಗಳ ನಕ್ಷೆಗೆ ನಮ್ಮೂರಿಗೆ ಬಸ್ಸು ಇರುದೇ ಗೊತ್ತಿಲ್ಲ. ನನ್ನ ಆ್ಯಪಿಗೆ ಅದು ಯಾವ ತಿರುವಿನಲ್ಲಿ ಹಾರ್ನ್ ಹಾಕುತ್ತದೆಂದೂ ಗೊತ್ತು. ಇದರ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳುಹಿಸಬಹುದು. ಆದರೆ ಕಳುಹಿಸಿದ್ದನ್ನು ಒಳಗೆ ಬಿಡುವ ಅಧಿಕಾರ ನನ್ನೊಬ್ಬನದು. ಎಷ್ಟು ಜನ ಬರೆದರೂ ಒಬ್ಬನೇ ಬರೆದ ಹಾಗೆ ಕಾಣಬೇಕು, ಇದು ನನ್ನ ನಿಯಮ. ಸಾಲು ಎಲ್ಲಿ ಶುರುವಾಗಬೇಕು, ಎಷ್ಟು ಉದ್ದ ಹೋಗಬೇಕು, ಎಲ್ಲಿ ನಿಲ್ಲಬೇಕು, ಎಲ್ಲದಕ್ಕೂ ಕ್ರಮ ಉಂಟು. ತಪ್ಪಿದರೆ ನಾನು ಬರೆದ ತಪಾಸಣೆಯ ಪ್ರೋಗ್ರಾಂ ಕೆಂಪು ಗುರುತು ಹಾಕಿ ಬಾಗಿಲಲ್ಲೇ ನಿಲ್ಲಿಸುತ್ತದೆ. ತಪ್ಪನ್ನು ತಾನಾಗಿಯೇ ಸರಿಮಾಡುವ ಪ್ರೋಗ್ರಾಂ ಕೂಡ ಸಿಗುತ್ತದೆ. ನಾನು ಬೇಕೆಂದೇ ಹಾಕಲಿಲ್ಲ. ಮಾಡಿದವನೇ ತಿದ್ದದಿದ್ದರೆ ಕಲಿಯುದು ಯಾವಾಗ?

ಇದು ಹುಡುಗಾಟದ ವಿಷಯ ಅಲ್ಲ. ಪಕ್ಕದ ಮನೆಯ ದೊಡ್ಡಮ್ಮ ವಾರಕ್ಕೆರಡು ಸಲ ದೊಡ್ಡಪ್ಪನನ್ನು ಡಯಾಲಿಸಿಸಿಗೆ ಪುತ್ತೂರಿಗೆ ಕರೆದುಕೊಂಡು ಹೋಗುದು ನನ್ನ ಆ್ಯಪ್ ನೋಡಿ. ಹಾಗಾಗಿ ಶಿಸ್ತು ಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

೧. ಕೆಂಪು ಶಾಯಿ

ನನಗೆ ಶಾಲೆಯಲ್ಲಿ ಗಣಿತ ಕಲಿಸಿದ ಮಾಷ್ಟ್ರು ನಿವೃತ್ತಿಯಾಗಿ ನರಿಮೊಗರಿನಲ್ಲಿದ್ದಾರೆ. ಈ ವಯಸ್ಸಿನಲ್ಲಿ ಕೋಡ್ ಬರೆಯಲು ಕಲಿತು ನಮ್ಮ ಕೆಲಸಕ್ಕೆ ಸೇರಿದವರು, ಸುಳ್ಯದ ಬಸ್ಸುಗಳನ್ನು ನೋಡಿಕೊಳ್ಳುದು ಅವರೇ. ಮೊದಲು ಗೆರೆ ಪುಸ್ತಕದಲ್ಲಿ ಬರೆದು, ಆಮೇಲೆ ಟೈಪ್ ಮಾಡುದು. ಅವರು ಕಳುಹಿಸಿದ್ದರಲ್ಲಿ ಪ್ರತಿ ಸಾಲಿನ ಕೆಳಗೆ ಎರಡು ಸಾಲು ಖಾಲಿ.

"ಮಾಷ್ಟ್ರೆ, ಇದು ಯಾಕೆ ಹೀಗೆ ಬಿಟ್ಟದ್ದು?"

"ತಪ್ಪು ಬಂದರೆ ತಿದ್ದಿ ಬರೆಯಲಿಕ್ಕೆ ಜಾಗ ಬೇಡ್ವಾ?"

"ಕಂಪ್ಯೂಟರಿನಲ್ಲಿ ತಪ್ಪನ್ನು ಅಳಿಸಿ ಅಲ್ಲೇ ಬರೆಯುದು ಮಾಷ್ಟ್ರೆ."

"ನನ್ನ ಕ್ಲಾಸಿನಲ್ಲಿ ಅಳಿಸುದು ಇಲ್ಲ. ಅಡ್ಡಗೆರೆ ಎಳೆದು ಕೆಳಗೆ ಬರೆಯುದು. ಮರೆತೆಯಾ?"

ತಪಾಸಣೆಯ ಪ್ರೋಗ್ರಾಂ ಅವರ ಕೋಡಿಗೆ ಮೇಲಿಂದ ಕೆಳಗಿನವರೆಗೆ ಕೆಂಪು ಹಾಕಿತು. ಐದು ನಿಮಿಷದಲ್ಲಿ ಫೋನು.

"ಇಡೀ ಸರ್ವಿಸಿನಲ್ಲಿ ಕೆಂಪು ಶಾಯಿ ಇದ್ದದ್ದು ನನ್ನ ಕೈಯಲ್ಲಿ. ಈಗ ನನಗೇ ಹಾಕುದು ಯಾರು?"

"ಅದು ಪ್ರೋಗ್ರಾಂ, ಮಾಷ್ಟ್ರೆ."

"ಪ್ರೋಗ್ರಾಂ ಅಂತ ನನಗೂ ಗೊತ್ತುಂಟು. ಅದನ್ನು ಬರೆದವನಿಗೆ ಗಣಿತದಲ್ಲಿ ಎಷ್ಟು ಮಾರ್ಕು ಅಂತ ಕೇಳಿದ್ದು."

ಆ ಮಾರ್ಕು ಹಾಕಿದ್ದು ಅವರೇ. ಸಿಗ್ನಲ್ ಹೋಯಿತೆಂದು ಹೇಳಿ ಫೋನ್ ಇಟ್ಟೆ.

೨. ಫೋನಿನ ಅಗಲ

ಇನ್ನೊಬ್ಬರು ಉಪ್ಪಿನಂಗಡಿಯಲ್ಲಿ ಚೀಲದ ಅಂಗಡಿ ಇಟ್ಟವರು. ಅವರ ತಮ್ಮಂದಿರು ಇಚ್ಚ, ಅಂದರೆ ಅಣ್ಣ, ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುದು. ಕಂಡಕ್ಟರುಗಳ ಚರ್ಮದ ಚೀಲ ಹರಿದರೆ ಹೊಲಿಯುದು ಇಚ್ಚನೇ. ಹಾಗಾಗಿ ಯಾವ ಬಸ್ಸು ಯಾವಾಗ ಹೊರಡುತ್ತದೆಂದು ಬಸ್ಸಿನ ಮಾಲಕರಿಗಿಂತ ಮೊದಲು ಇಚ್ಚನಿಗೆ ಗೊತ್ತು.

ಇಚ್ಚ ಕೋಡ್ ಬರೆಯುದು ಅಂಗಡಿಯಲ್ಲಿ ಕೂತು, ಫೋನಿನಲ್ಲಿ. ಅವರ ಒಂದೊಂದು ಸಾಲೂ ನಾಲ್ಕೇ ಶಬ್ದಕ್ಕೆ ಮುರಿಯುತ್ತಿತ್ತು. ಒಂದು ದಿನ ಇದ್ದಕ್ಕಿದ್ದ ಹಾಗೆ ಸಾಲುಗಳೆಲ್ಲ ಆರು ಶಬ್ದದ್ದಾದವು. ಸಾಲು ಉದ್ದ ಮಾಡಿ ಅಂತ ನಾನು ಹೇಳಿದ್ದು ತಲೆಗೆ ಹೋಯಿತು ಎಂದು ಹೆಮ್ಮೆಯಲ್ಲಿ ಫೋನ್ ಮಾಡಿದೆ.

"ಇಚ್ಚ, ಅಂತೂ ಕಲಿತಿರಿ!"

"ಎಂತ ಕಲಿಯುದು ಮಾರಾಯ? ಹಳೆ ಫೋನು ನೀರಿಗೆ ಬಿತ್ತು. ಹೊಸತು ಸ್ವಲ್ಪ ಅಗಲ ಉಂಟು."

೩. ಹೋಟೆಲಿನ ಮೇಜು

ಸಾಲಿನ ಮೊದಲಿಗೆ ಎಷ್ಟು ಜಾಗ ಬಿಡಬೇಕೆಂದು ತೀರ್ಮಾನ ಮಾಡಲು ಮೂವರೂ ಉಪ್ಪಿನಂಗಡಿಯ ಒಂದು ಹೋಟೆಲಿನಲ್ಲಿ ಸೇರಿದೆವು. ನಾನು ಎರಡು ಅಂದೆ. ಮಾಷ್ಟ್ರು ನಾಲ್ಕು ಅಂದರು. ಬೆರಳು ಎಲ್ಲಿಗೆ ಹೋಗುತ್ತದೋ ಅಲ್ಲಿಂದ ಶುರು ಮಾಡುವ ಅಂತ ಇಚ್ಚ. ಮಾಷ್ಟ್ರು ಎದ್ದು ನಿಂತು, "ನಾಲ್ಕು ಇಲ್ಲದಿದ್ದರೆ ಸುಳ್ಯದ ಬಸ್ಸುಗಳನ್ನು ನೀನೇ ನೋಡಿಕೋ" ಎಂದುಬಿಟ್ಟರು. ನಾನೂ ಎದ್ದು ನಿಂತೆ. ಕೂತು ಸೋಲುವ ಜಾತಿ ನನ್ನದಲ್ಲ.

ಹೋಟೆಲಿನವರು ಮೂರನೇ ಸಲ ಚಾ ತಂದಿಟ್ಟು ಕೇಳಿದರು, "ಜಾಗದ ತಕರಾರಾ? ಯಾವ ಸರ್ವೆ ನಂಬರು?"

"ಜಾಗ ಅಂದರೆ ಇದು ಬೇರೆ," ಎಂದು ನಾನು ಗಂಭೀರವಾಗಿ ವಿವರಿಸಿದೆ. "ಬರೆಯುವ ಮೊದಲು ಎಂತದ್ದೂ ಬರೆಯದೆ ಬಿಡುದು."

ಅವರು ಮಾಷ್ಟ್ರ ಮುಖ ನೋಡಿದರು, ಇಚ್ಚನ ಮುಖ ನೋಡಿದರು. "ಎಂತದ್ದೂ ಬರೆಯದ್ದಕ್ಕೇ ಬೆಳಗ್ಗಿಂದ ನನ್ನ ಮೇಜು ಹಿಡಿದಿದ್ದೀರಲ್ಲ. ಇನ್ನು ಬರೆಯಲಿಕ್ಕೆ ಶುರು ಮಾಡಿದರೆ ನಾನು ಹೋಟೆಲು ಎಲ್ಲಿ ಇಡುದು ಮಾರಾಯ್ರೆ?"

ಆವತ್ತು ನಾಲ್ಕು ಎಂದು ತೀರ್ಮಾನವಾಯಿತು. ನಾನು ಸೋತದ್ದಲ್ಲ, ಸುಳ್ಯದ ಬಸ್ಸುಗಳನ್ನು ಉಳಿಸಿಕೊಂಡದ್ದು.

೪. ಆರು ಇಪ್ಪತ್ತರ ಬಸ್ಸು

ಮೊನ್ನೆಯ ಮಳೆಗೆ ರಸ್ತೆಯ ಬದಿ ಕುಸಿಯಿತು. ಬಸ್ಸು ಸುತ್ತುದಾರಿಯಲ್ಲಿ ಹೋಗಬೇಕಾದ್ದರಿಂದ, ನಮ್ಮಲ್ಲಿಂದ ಪುತ್ತೂರಿಗೆ ಬೆಳಗ್ಗೆ ಆರು ನಲವತ್ತಕ್ಕೆ ಹೊರಡುದನ್ನು ಆರು ಇಪ್ಪತ್ತಕ್ಕೆ ಮಾಡಿದರು. ಕಂಡಕ್ಟರಿಂದ ಸುದ್ದಿ ಇಚ್ಚನಿಗೆ ಬಂತು. ಇಚ್ಚ ಸಂಜೆಯೇ ಸಮಯ ತಿದ್ದಿ ಕಳುಹಿಸಿದರು. ತಪಾಸಣೆಯಲ್ಲಿ ಕೆಂಪು ಬಿತ್ತು: ಸಾಲಿನ ಕೊನೆಯಲ್ಲಿ ಎರಡು ಖಾಲಿ ಜಾಗ ಹೆಚ್ಚು.

ನಾನು ನೋಡಿದೆ. ಅದನ್ನು ತೆಗೆಯಲು ನನಗೆ ಅರ್ಧ ನಿಮಿಷ ಬೇಡ. ಆದರೂ ಬರೆದೆ: "ಕೊನೆಯ ಎರಡು ಖಾಲಿ ಜಾಗ ತೆಗೆದು ಪುನಃ ಕಳುಹಿಸಿ." ಎಷ್ಟು ಸಲ ಹೇಳುದು? ಇಚ್ಚ ಅಷ್ಟರಲ್ಲಿ ಮದುವೆಮನೆಗೆ ಹೋಗಿ ಆಗಿತ್ತು, ಫೋನು ನೋಡಲಿಲ್ಲ.

ಮರುದಿನ ಬೆಳಗ್ಗೆ ದೊಡ್ಡಮ್ಮ ನಮ್ಮ ಬಾಗಿಲು ತಟ್ಟಿದ ಶಬ್ದಕ್ಕೆ ಎಚ್ಚರವಾಯಿತು.

"ಮಗಾ, ಬಸ್ಸು ಹೋಗಿದೆ. ನಿನ್ನ ಆ್ಯಪಿನಲ್ಲಿ ಇನ್ನೂ ಆರು ನಲವತ್ತು ಅಂತ ಉಂಟು. ಇವರನ್ನು ಎಂತ ಮಾಡುದು?"

ದೊಡ್ಡಪ್ಪ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದರು, ಕಾಲು ಊದಿಕೊಂಡಿತ್ತು. ನಾನು ಓಡಿದೆ. ಪರಿಚಯದವರನ್ನು ಎಬ್ಬಿಸಿ ಜೀಪು ತಂದು ಇಬ್ಬರನ್ನೂ ಹತ್ತಿಸಿದೆ. ದಾರಿಯುದ್ದಕ್ಕೂ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಇದ್ದರು. ಒಂದು ತಿರುವು ಕಳೆದು ದೊಡ್ಡಮ್ಮ ಕೇಳಿದರು, "ಸಮಯ ಬದಲಾದದ್ದು ನಿನಗೆ ಗೊತ್ತಿರಲಿಲ್ವಾ?"

ನಾನು ಬಡಾಯಿ ಕೊಚ್ಚಿಕೊಳ್ಳುವವ ಹೌದು, ಸುಳ್ಳು ಹೇಳುವವ ಅಲ್ಲ. ನಡೆದದ್ದನ್ನೆಲ್ಲ ಹೇಳಿದೆ.

"ಆ ಎರಡು ಜಾಗ ಇದ್ದರೆ ಬಸ್ಸಿನ ಸಮಯ ತಪ್ಪಾಗ್ತದಾ?"

"ಇಲ್ಲ ದೊಡ್ಡಮ್ಮ."

"ನೋಡುವವರಿಗೆ ಕಾಣ್ತದಾ?"

"ಕಾಣುದಿಲ್ಲ."

ಅವರು ದೊಡ್ಡಪ್ಪನ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿದರು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಆಸ್ಪತ್ರೆಯಲ್ಲಿ ನರ್ಸ್ ಗಡಿಯಾರ ನೋಡಿದರು. "ಇನ್ನೂ ತಡವಾಗಿದ್ದರೆ ಇವರ ಮೆಷಿನ್ನಿಗೆ ಬೇರೆಯವರನ್ನು ಹಾಕ್ತಿದ್ದೆವು" ಎಂದು ದೊಡ್ಡಪ್ಪನನ್ನು ಒಳಗೆ ಕರೆದುಕೊಂಡರು. ನಾನೂ ದೊಡ್ಡಮ್ಮನೂ ಹೊರಗಿನ ಬೆಂಚಿನಲ್ಲಿ ಕೂತೆವು. ಆಗ ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ನಾನೂ ನೋಡಿಕೊಂಡೆ. ಅಂಗಿ ಉಲ್ಟಾ, ಹೊಲಿಗೆಯೆಲ್ಲ ಹೊರಗೆ. ಒಂದು ಕಾಲಿನಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಅಪ್ಪನದು.

"ಬೆಳಗ್ಗೆ ಜೀಪು ತರುವಾಗಲೇ ಕಂಡಿದ್ದೆ," ಎಂದರು ದೊಡ್ಡಮ್ಮ. "ಹೋಗಿ ಅಂಗಿ ಸರಿಮಾಡಿ ಪುನಃ ಬಾ, ಆಮೇಲೆ ಹತ್ತುತ್ತೇವೆ ಅಂತ ನಾನು ಹೇಳಲಿಲ್ಲ ನೋಡು."

ನಾನು ಫೋನ್ ತೆಗೆದೆ. ಇಚ್ಚನ ಸಾಲನ್ನು, ಕೊನೆಯ ಎರಡು ಖಾಲಿ ಜಾಗದ ಸಮೇತ, ಅಲ್ಲೇ ಕೂತು ಒಳಗೆ ಬಿಟ್ಟೆ. ಅಂಗಿ ಸರಿಮಾಡಿದ್ದು ಆಮೇಲೆ.