ಮೂರು ಬೆರಳಿನ ಅಮೆರಿಕನ್ ಹದ್ದು

ಹದ್ದಿನ ಬಲಗಾಲಿಗೆ ನಾಲ್ಕು ಬೆರಳು, ಎಡಗಾಲಿಗೆ ಮೂರೇ.

ಸಾಬೂನಿನ ನೊರೆ ಒರೆಸಿ ಮತ್ತೊಮ್ಮೆ ಎಣಿಸಿದೆ. ತಪ್ಪಿರಲಿಲ್ಲ. ನಮ್ಮ ಮನೆಯವರ ಹೊಸ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿನ ಮೇಲೆ, ಹಳದಿ ದಾರದಲ್ಲಿ ಹೊಲಿದ ಹದ್ದು ರೆಕ್ಕೆ ಬಿಚ್ಚಿ ನಿಂತಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ 'ಮೇಡ್ ಇನ್ ಯು.ಎಸ್.ಎ.' ಎಂದಿತ್ತು. ಬೆರಳುಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸಿದವಳು ಅಕ್ಷರಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ. ಮುಂದಿನ ಅನಾಹುತಕ್ಕೆಲ್ಲ ಶಂಕುಸ್ಥಾಪನೆಯಾದದ್ದು ಅಲ್ಲಿ, ಒಗೆಯುವ ಕಲ್ಲಿನ ಮೇಲೆ.

"ಎಷ್ಟು ಕೊಟ್ರಿ ಇದಕ್ಕ?"

"ಮೂವತ್ತೈದು" ಎಂದರು ನಮ್ಮ ಮನೆಯವರು, ಪೇಪರಿನ ಹಿಂದಿನಿಂದ.

"ಅಮೆರಿಕದಿಂದ ಹಡಗಿನಾಗ ಬಂದದ್ದು ಮೂವತ್ತೈದಕ್ಕ ಹೆಂಗ ಸಿಗತೈತಿ?"

"ಗಿರಿಜಾ, ಅದು ಹಂಗಲ್ಲ..."

"ಹಂಗ! ಮೊದಲು ಸೋವಿ ಮಾರತಾರ. ನಮ್ಮವರು ಅಂಗಡಿ ಮುಚ್ಚಿದ ಮ್ಯಾಲೆ ರೇಟು ಏರಸತಾರ. ಕೆನಡಾದಾಗ ಏನಾತು ಗೊತ್ತೈತೇನು?"

ಕೆನಡಾ ಎಂದ ಕೂಡಲೇ ಅವರು ಪೇಪರು ಮಡಿಸಿ ಎದ್ದು ಹೋದರು. ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ಆ ದೇಶದ ವಿಷಯವನ್ನು ಅವರು ಸಾಕಷ್ಟು ಕೇಳಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಉತ್ತರ ಅಮೆರಿಕದ ವ್ಯಾಪಾರದ ಮೇಲೆ ಪ್ರಬಂಧ ಬರೆದಿದ್ದೆ. ಕೆನಡಾ ತನ್ನ ಮರ, ಎಣ್ಣೆಯನ್ನೆಲ್ಲ ಪಕ್ಕದ ಅಮೆರಿಕಕ್ಕೆ ಮಾರುತ್ತದೆ. ಅಲ್ಲಿಂದಲೇ ತಯಾರಾದ ಸಾಮಾನು ಕೊಳ್ಳುತ್ತದೆ. ಒಂದೇ ಕೌದಿಯೊಳಗೆ ಅಣ್ಣನ ಜೊತೆ ಮಲಗಿದ ತಮ್ಮನ ಹಾಗೆ. ಅಣ್ಣ ಮಗ್ಗುಲಾದರೆ ತಮ್ಮನಿಗೆ ಚಳಿ! ಹಾಗೆಂದು ಅಮೆರಿಕದವರೆಲ್ಲ ಸುಖವಾಗಿದ್ದಾರೆಯೇ? ಅಲ್ಲಿಯೂ ಕೂಲಿಯವನಿಗೆ ಬಾಡಿಗೆ ಕಟ್ಟಿದ ಮೇಲೆ ಬ್ರೆಡ್ಡಿಗೆ ತತ್ವಾರ. ಸ್ವಭಾವತಃ ನಾನು ಮಿತಭಾಷಿ. ಈ ಒಂದು ವಿಷಯ ಬಿಟ್ಟು.

ನಮ್ಮಪ್ಪ ಕುರುಗೋಡಿನಲ್ಲಿ ಹತ್ತಿ ಬೆಳೆಯುತ್ತಿದ್ದರು. ನಮ್ಮ ಹೊಲದ ಹತ್ತಿ ಅಗ್ಗಕ್ಕೆ ಹೋಗಿ, ಹದ್ದು ಹೊತ್ತುಕೊಂಡು ನಮ್ಮ ಒಗೆಯುವ ಕಲ್ಲಿಗೇ ವಾಪಸು ಬಂದಿದೆ ಎಂದು ನನಗೆ ಖಾತ್ರಿಯಾಯಿತು.

ಹಿತ್ತಲಲ್ಲಿ ಪ್ಯಾಂಟು ಒಣಹಾಕುವಾಗ ಪಕ್ಕದ ಮನೆಯ ಯಮುನಕ್ಕ ಗೋಡೆಯ ಮೇಲಿಂದ ತಲೆ ಹಾಕಿದರು. ಯಮುನಕ್ಕ ದರ್ಜಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನಿನ ಮೇಲೆಯೇ ಇಬ್ಬರು ಹೆಣ್ಣುಮಕ್ಕಳನ್ನು ಸಾಲೆ ಓದಿಸುತ್ತಿದ್ದರು. ನಮಗಿಬ್ಬರಿಗೂ ಒಂದೇ ಗೋಡೆ. ಅವರ ಮಷೀನು ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಅಡುಗೆಮನೆಯಲ್ಲೇ ಇದ್ದಂತೆ ಕೇಳುತ್ತಿತ್ತು. ಏನು ಹೊಲಿಯುತ್ತಾರೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಇನ್ನೊಬ್ಬರ ವಿಷಯದಲ್ಲಿ ತಲೆಹಾಕುವುದು ನನ್ನ ಅಭ್ಯಾಸವಲ್ಲ!

"ಯಾಕ್ರೀ ಅಕ್ಕಾರ, ಹದ್ದು ಹಂಗ ನೋಡಾಕತ್ತೀರಿ?" ಅವರ ಧ್ವನಿಯಲ್ಲಿ ಅಳುಕಿತ್ತು.

"ಇದು ಅಮೆರಿಕದ್ದು, ಯಮುನಕ್ಕ. ಇಂಥಾವು ಬಂದ್ರ ನಿಮ್ಮಂಥವರ ಕೆಲಸ ಹೋಗತೈತಿ. ಕೆನಡಾದಾಗ ಹಿಂಗ..." ಎಂದು ಕೌದಿಯ ಕತೆಯನ್ನು ಪೂರ್ತಿ ಹೇಳಿದೆ.

ಯಮುನಕ್ಕ ಸಮಾಧಾನದಿಂದ ಕೇಳಿ, "ಮತ್ತ ಆ ಕೆನಡಾದವರು ಏನಂತಾರ್ರಿ? ಅವರನ್ನ ಯಾರರ ಕೇಳ್ಯಾರೇನು?" ಎಂದು ಸರಕ್ಕನೆ ಒಳಗೆ ಹೋದರು.

ಬೆದರಿದ್ದಾರೆ, ಪಾಪ. ಅವರ ಪರವಾಗಿ ಹೋರಾಡಬೇಕೆಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ. ಅವರನ್ನು ಕೇಳಲಿಲ್ಲ.

ಮಂಗಳವಾರ ಕಾಲೇಜು ಮುಗಿಸಿ ಬ್ರೂಸ್‌ಪೇಟೆಗೆ ಹೋದೆ. ಕೈಯಲ್ಲಿ ಕಪ್ಪು ಕೊಡೆ, ಕಂಕುಳಲ್ಲಿ ನೋಟುಬುಕ್ಕು. ಒಂದು ಜವಳಿ ಅಂಗಡಿಯ ಬಾಗಿಲಲ್ಲೇ ಹದ್ದುಗಳು ಸಾಲಾಗಿ ತೂಗಾಡುತ್ತಿದ್ದವು.

"ಇದರ ಬೆಲಿ ಎಷ್ಟು?"

"ತೊಂಬತ್ತು ರೀ ಮೇಡಂ. ಫಾರಿನ್ ಮಾಲು" ಎಂದರು ಅಂಗಡಿಯ ಈರಣ್ಣ.

ತೊಂಬತ್ತು! ಹಾಗಾದರೆ ನಮ್ಮ ಮನೆಯವರಿಗೆ ಮೂವತ್ತೈದಕ್ಕೆ ಕೊಟ್ಟವರು ಯಾರು? ಮನೆಯವರ ಮೇಲೂ ಸಂಶಯ ಶುರುವಾಯಿತು. ನೋಟುಬುಕ್ಕು ತೆಗೆದು ಬರೆದುಕೊಂಡೆ.

"ಎಲ್ಲಿಂದ ಬರತಾವು?"

"ಭಾಳ ದೂರದಿಂದ ರೀ." ಈರಣ್ಣನವರ ಹಣೆಯ ಮೇಲೆ ಬೆವರು ಮೂಡಿತು.

"ಯಾರು ತಂದು ಕೊಡತಾರ?"

"ಮೇಡಂ, ಕೂಡ್ರಿ. ಸೋಡಾ ತರಸ್ಲೇನ್ರಿ? ಸೀರಿ ಏನರ ನೋಡ್ತೀರೇನು? ರೊಕ್ಕದ ವಿಚಾರ ಮಾಡಬ್ಯಾಡ್ರಿ."

ಸೋಡಾ ಬೇಡವೆಂದೆ. ಸೀರೆಯನ್ನೂ ನಿರಾಕರಿಸಿದೆ. ತಪ್ಪಿತಸ್ಥರು ಹೀಗೆಯೇ ಬೆವರುತ್ತಾರೆ ಎಂದು ಬರೆದುಕೊಂಡು ಹೊರಬಂದೆ.

ಬುಧವಾರ ಬೆಳಿಗ್ಗೆ ಯಮುನಕ್ಕನ ಮಷೀನು ಸದ್ದು ಮಾಡಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ನಮ್ಮ ಅಡುಗೆಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಸಾರು ಕುದಿಯುವುದು ಕೇಳುತ್ತಿತ್ತು.

"ನೋಡಿದ್ರೇನು? ನಾ ಹೇಳಿದಂಗ ಆತು. ಅಮೆರಿಕದ ಮಾಲು ಬಂತು, ಯಮುನಕ್ಕನ ಮಷೀನು ನಿಂತಿತು!"

"ಗಿರಿಜಾ, ಅದು ಹಂಗಲ್ಲ..."

"ನೀವು ಸುಮ್ಮಕಿರ್ರಿ. ಮೂವತ್ತೈದು ರೂಪಾಯಿ ಲೆಕ್ಕ ನಿಮ್ಮನ್ನ ಆಮೇಲೆ ಕೇಳತೀನಿ."

ಶನಿವಾರ ಮಹಿಳಾ ಮಂಡಳಿಯಲ್ಲಿ ನನ್ನ ಭಾಷಣ. ಇಸ್ತ್ರಿ ಮಾಡಿದ ಪ್ಯಾಂಟನ್ನು ಸಾಕ್ಷಿಯಾಗಿ ಒಯ್ದಿದ್ದೆ. ಅಮೆರಿಕ, ಕೆನಡಾ, ಕೌದಿ, ಕುರುಗೋಡಿನ ಹತ್ತಿ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಬ್ರೂಸ್‌ಪೇಟೆಯಲ್ಲಿ ನಾನು ನಡೆಸಿದ ತನಿಖೆಯನ್ನೂ ಬಿಡಲಿಲ್ಲ. ಪ್ಯಾಂಟನ್ನು ಎತ್ತಿ ಹಿಡಿದಾಗ ಸಿರುಗುಪ್ಪದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಮುಂದಿನ ಸಾಲಿನಿಂದ, "ಇದು ನಮ್ಮ ಹಿತ್ತಲ ಕೋಳಿ ಇದ್ದಂಗ ಐತಲ್ಲವ್ವಾ" ಎಂದರು. ವಿಷಯಾಂತರ ಮಾಡಬಾರದೆಂದು ವಿನಯದಿಂದ ಕೋರಿದೆ.

ಕೊನೆಗೆ ಧ್ವನಿ ಏರಿಸಿದೆ. "ನಮ್ಮ ಪಕ್ಕದ ಮನೆಯ ಬಡ ಹೆಣ್ಣುಮಗಳ ಹೊಲಿಗೆ ಯಂತ್ರ ಮೂರು ದಿನದಿಂದ ಮೌನವಾಗಿದೆ. ಇದಕ್ಕೆ ಕಾರಣ ಯಾರು?"

ಚಪ್ಪಾಳೆಯೋ ಚಪ್ಪಾಳೆ! ಕೊನೆಯ ಸಾಲಿನಲ್ಲಿದ್ದ ಯಮುನಕ್ಕ ಮಾತ್ರ ಸೆರಗು ಹೊದ್ದು ಎದ್ದು ಹೋದರು. ಭಾವುಕರಾಗಿದ್ದಾರೆ ಎಂದುಕೊಂಡೆ.

ಹದ್ದಿನ ಪ್ಯಾಂಟು ಕೊಳ್ಳುವುದಿಲ್ಲವೆಂದು ಎಲ್ಲರೂ ಕೈ ಎತ್ತಿದರು. ಈರಣ್ಣನವರ ಅಂಗಡಿ ತಪಾಸಣೆ ಮಾಡಬೇಕೆಂದು ಸುಂಕದ ಕಚೇರಿಗೆ ಬರೆದ ಮನವಿಗೆ ನಲವತ್ತೊಂದು ಸಹಿ ಬಿದ್ದವು. ಸಂಜೆ ಲಕೋಟೆ ಅಂಟಿಸಿ ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ವಿಳಾಸ ಓದಿದರು, ನನ್ನ ಮುಖ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಪ್ರದರ್ಶನ ಮುಗಿಸಿ ಬಂದ ಅದೇ ಪ್ಯಾಂಟು ತೊಟ್ಟು ಅಂಚೆಡಬ್ಬಿಯ ಕಡೆ ಹೊರಟರು.

ಭಾನುವಾರ ಬಟ್ಟೆ ಒಗೆದು, ಯಮುನಕ್ಕನಿಗೆ ಶುಭ ಸಮಾಚಾರ ಹೇಳಲು ಹೋದೆ. ಬಿಸಿಲಿತ್ತು, ಕೊಡೆ ಹಿಡಿದಿದ್ದೆ. ಮಷೀನಿನ ಮೇಲೆ ಹಳೆಯ ಸೀರೆ ಮುಚ್ಚಿತ್ತು. ಪಕ್ಕದ ಚಾಪೆಯ ಮೇಲೆ ಕತ್ತರಿಸಿದ ನೀಲಿ ಜೇಬುಗಳ ರಾಶಿ. ಒಂದೊಂದು ಜೇಬಿನ ಮೇಲೂ ಒಂದೊಂದು ಹದ್ದು. ಕೆಲವಕ್ಕೆ ಒಂದೇ ರೆಕ್ಕೆ, ಕೆಲವಕ್ಕೆ ಇನ್ನೂ ಕೊಕ್ಕಿಲ್ಲ. ಪೂರ್ತಿಯಾದದ್ದೊಂದನ್ನು ಎತ್ತಿಕೊಂಡು ಎಡಗಾಲು ನೋಡಿದೆ.

ಮೂರು.

"ಯಮುನಕ್ಕ... ಇದು ನಿಮ್ಮ ಹದ್ದೇನ್ರಿ?"

"ಮತ್ತ? ಅಮೆರಿಕದಿಂದ ಹಾರಿ ಬಂತೇನ್ರಿ? ಹದ್ದು ಅಷ್ಟು ಹತ್ರದಿಂದ ಯಾರು ನೋಡ್ಯಾರ? ಕೋಳಿ ನೋಡಿ ಹೊಲದೀನಿ. ನಿಮ್ಮ ಮನಿಯವರಿಗೆ ನಾನ ಕೊಟ್ಟದ್ದು, ಮೂವತ್ತೈದಕ್ಕ."

ಕುಳಿತುಕೊಳ್ಳಬೇಕೆನಿಸಿತು. ಅವರು ಕುಳಿತುಕೊಳ್ಳಿ ಎನ್ನಲಿಲ್ಲ.

"ಮಂಗಳವಾರ ಈರಣ್ಣನ ಅಂಗಡಿಗೆ ಯಾವಾಕಿನೋ ಇನ್‌ಸ್ಪೆಕ್ಟರಮ್ಮ ಬಂದಿದ್ಲಂತ. ಕನ್ನಡಕ ಇತ್ತಂತ, ಕರಿ ಕೊಡಿ ಇತ್ತಂತ. ಬರಕೊಂಡು ಹೋದ್ಲಂತ. ಅವತ್ತಿಂದ ಅಂವ ನನಗ ಹೊಲಿಯಾಕ ಅರಿವಿ ಕೊಡವಲ್ಲ. ಆಕಿ ಯಾರಂತ ನಿನ್ನೆ ಭಾಷಣದಾಗ ತಿಳೀತು."

ಕೊಡೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

"ನನ್ನ ಮಷೀನು ನಿಲ್ಲಿಸಿದ್ದು ಅಮೆರಿಕ ಅಲ್ಲರೀ ಅಕ್ಕಾರ, ನೀವು! ಗ್ವಾಡಿ ಆಚಿಗೇ ಇದ್ದೆ. ಒಂದು ಮಾತು ಕೇಳಿದ್ರೇನು ನನ್ನ?"

ಎಂ.ಎ. ಪ್ರಬಂಧದಲ್ಲಿ ನಾನು ಖಂಡತುಂಡವಾಗಿ ಖಂಡಿಸಿದ ದೊಡ್ಡ ನೆರೆಮನೆ ಯಾವುದು ಎಂದು ಆಗ ಗೊತ್ತಾಯಿತು. ಕೌದಿ ಎಳೆದುಕೊಂಡು ಮಲಗಿದವಳು ನಾನೇ!

ಅಷ್ಟರಲ್ಲಿ ಲಕೋಟೆ ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದೆ.

"ಪೋಸ್ಟ್ ಮಾಡಿದ್ರೇನು?"

"ಯಾವುದು?" ನಮ್ಮ ಮನೆಯವರು ತಲೆ ಕೆರೆದುಕೊಂಡರು. "ಅಯ್ಯ, ಮರೆತೆನಲ್ಲ! ಪ್ಯಾಂಟಿನ ಜೇಬಿನಾಗ ಐತಿ."

ಹಿತ್ತಲ ಹಗ್ಗದ ಮೇಲೆ ಬೆಳಿಗ್ಗೆ ಒಗೆದ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹದ್ದಿನ ಹಿಂದೆ ಕೈ ಹಾಕಿದೆ. ನಲವತ್ತೊಂದು ಸಹಿಗಳು ನೀಲಿ ಹಿಟ್ಟಿನ ಮುದ್ದೆಯಾಗಿ ಕೈಗೆ ಬಂದವು. ಅವರು ನಿಜವಾಗಿ ಮರೆತರೋ, ಬೇಕೆಂದೇ ಮರೆತರೋ? ಈ ಸಂಶಯ ಇಂದಿಗೂ ಬಗೆಹರಿದಿಲ್ಲ.

"ಪ್ಯಾಂಟು ಯಮುನಕ್ಕನ ಕಡೆ ತೊಗೊಂಡದ್ದು ಅಂತ ನನಗ ಯಾಕ ಹೇಳಲಿಲ್ಲ?"

"ಎರಡು ಸಲ ಶುರು ಮಾಡಿದೆ. ಎರಡೂ ಸಲ ನೀನು ನಡುವ ಬಾಯಿ ಹಾಕಿದಿ."

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಬ್ರೂಸ್‌ಪೇಟೆಯಲ್ಲಿ ನಿಂತಿದ್ದೆ. ಕೊಡೆ, ನೋಟುಬುಕ್ಕು ಎರಡನ್ನೂ ಮನೆಯಲ್ಲಿ ಬಿಟ್ಟಿದ್ದೆ. ನನ್ನನ್ನು ಕಂಡು ಈರಣ್ಣನವರ ಕೈಯಿಂದ ಬೀಗದ ಕೈ ಬಿತ್ತು.

"ನೋಡ್ರಿ, ನಾನು ಇನ್‌ಸ್ಪೆಕ್ಟರ್ ಅಲ್ಲ."

"ಆಗಲಿ ಮೇಡಂ."

"ಖರೇನ ಅಲ್ಲ. ಪಾಠ ಮಾಡಾಕಿ."

"ಆಗಲಿ ಮೇಡಂ. ಬರೂವವರೆಲ್ಲ ಹಂಗ ಅಂತಾರ್ರಿ."

ಅಲ್ಲ ಎಂದಷ್ಟೂ ನಾನು ಇನ್‌ಸ್ಪೆಕ್ಟರ್ ಆಗುತ್ತಾ ಹೋದೆ! ಕಾಲೇಜಿನ ಹಾಜರಿ ಪುಸ್ತಕ ತೋರಿಸಿದೆ. ಅದನ್ನು ಕಂಡು ಅವರು ಮತ್ತಷ್ಟು ಬೆವರಿದರು. ಕೊನೆಗೆ, "ಹೆಂಗ ಹೇಳಿದ್ರ ನಂಬತೀರಿ?" ಎಂದು ಕೇಳಿದೆ.

ಈರಣ್ಣ ಯೋಚಿಸಿ, ಧೈರ್ಯ ಮಾಡಿ, ಒಂದು ಪ್ಯಾಂಟು ತೆಗೆದು ಮೇಜಿನ ಮೇಲಿಟ್ಟರು. "ಇನ್‌ಸ್ಪೆಕ್ಟರು ರೊಕ್ಕ ಕೊಟ್ಟು ಒಯ್ದದ್ದು ನಾ ಒಮ್ಮಿನೂ ನೋಡಿಲ್ರಿ. ನೀವು ಕೊಟ್ರ, ನಂಬತೀನಿ."

ತೊಂಬತ್ತು ರೂಪಾಯಿ ಎಣಿಸಿಕೊಟ್ಟೆ. ಚೌಕಾಸಿ ಮಾಡಲಿಲ್ಲ. ರಸೀದಿ ಕೇಳಲು ಬಾಯಿ ತೆರೆದವಳು ತಕ್ಷಣ ಮುಚ್ಚಿಕೊಂಡೆ. ಈರಣ್ಣನವರ ಮುಖ ಅರಳಿತು. ಒಳಗೆ ತಿರುಗಿ, "ಯಮುನಾಬಾಯಿಗೆ ಅರಿವಿ ಕಳಸ್ರಲೇ!" ಎಂದು ಕೂಗಿದರು.

ಪ್ಯಾಂಟು ಹೆಗಲಿಗೆ ಹಾಕಿಕೊಂಡು ಹೊರಬಂದರೆ ಎದುರಿಗೇ ಮಹಿಳಾ ಮಂಡಳಿಯ ಅಧ್ಯಕ್ಷೆ! ಅವರ ದೃಷ್ಟಿ ನನ್ನ ಮುಖದ ಮೇಲಿರಲಿಲ್ಲ, ಹೆಗಲಿನ ಹದ್ದಿನ ಮೇಲಿತ್ತು. ನಾನೂ ಅದನ್ನೇ ನೋಡಿದೆ. ಹೇಗೂ ನೋಡುತ್ತಿದ್ದೇನಲ್ಲ ಎಂದು ಎಡಗಾಲಿನ ಬೆರಳು ಎಣಿಸಿದೆ.

ಮೂರು. ಅಸಲಿ ಮಾಲು!