ಏಳವ್ವ, ಓಗಣ

ನಮ್ಮ ಸೋದರಮಾವ ಈ ಐವತ್ತಮೂರು ವರ್ಷಗಳಲ್ಲಿ ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವರಲ್ಲ. ಹಣೆಬರಹ ಬರೆಯಲು ಬಂದ ಬ್ರಹ್ಮನಿಗೂ ‘ಇದೇ ಕೊನೇ ರೇಟಾ?’ ಎಂದು ಕೇಳಿ, ತೊಟ್ಟಿಲಿನಿಂದ ಎದ್ದು ಹೊರಟಿರಬೇಕು ಎಂದು ನನ್ನ ಗುಮಾನಿ. ಬ್ರಹ್ಮ ಗಾಬರಿಯಾಗಿ ಹಿಂದಕ್ಕೆ ಕರೆದು ಒಂದಿಷ್ಟು ಆಯಸ್ಸು ಜಾಸ್ತಿ ಹಾಕಿಕೊಟ್ಟಿದ್ದಾನೆ. ಇಲ್ಲದಿದ್ದರೆ ಆ ಪಾಟಿ ಬೀಡಿ ಸೇದುವ ಮನುಷ್ಯ ಇಷ್ಟು ಗಟ್ಟಿಯಾಗಿರುವುದು ಹೇಗೆ?

ಚೌಕಾಸಿಯಲ್ಲಿ ಮಾವನದು ಒಂದೇ ಪಟ್ಟು. ಬೆಲೆ ಕೇಳುತ್ತಾರೆ. ಅದರ ಅರ್ಧಕ್ಕೆ ಕೊಡು ಎನ್ನುತ್ತಾರೆ. ಅಂಗಡಿಯವನು ನಗುತ್ತಾನೆ. ಆಗ ಜೊತೆಗಿದ್ದವರಿಗೆ ‘ಏಳು, ಓಗಣ’ ಎಂದು ಹೇಳಿ ಹೊರಟುಬಿಡುತ್ತಾರೆ. ಎಂಥ ಕಲ್ಲೆದೆಯ ವ್ಯಾಪಾರಿಯಾದರೂ ಹದಿನೇಳನೇ ಹೆಜ್ಜೆಯೊಳಗೆ ಹಿಂದಕ್ಕೆ ಕರೆದೇ ಕರೆಯುತ್ತಾನೆ ಎಂಬುದು ಅವರ ಸಂಶೋಧನೆ. ಹದಿನೇಳೇ ಯಾಕೆ ಎಂದು ಕೇಳಿದರೆ, “ಅಲ್ಲಿಗಂಟ ಅವನಿಗೆ ಆಸೆ ಇರ್ತದೆ ಕಣವ್ವ, ಆಮೇಲೆ ಪಕ್ಕದ ಅಂಗಡಿ ಬಂದ್ಬುಡ್ತದೆ” ಎನ್ನುತ್ತಾರೆ. ನಡೆಯುವಾಗ ತಿರುಗಿ ನೋಡುವಂತಿಲ್ಲ. ಕರೆಯದೆ ಹಿಂದಕ್ಕೆ ಬರುವುದಂತೂ ಇಲ್ಲವೇ ಇಲ್ಲ. ಅದು ಅವರ ಪಾಲಿಗೆ ಮರ್ಯಾದೆಯ ಪ್ರಶ್ನೆ.

ಈ ಪಟ್ಟಿಗೆ ಎದುರಾಳಿಯೇ ಇರಲಿಲ್ಲವೇ? ಒಬ್ಬರಿದ್ದರು, ಹಲ್ಲಿನ ಡಾಕ್ಟರು. ಒಂದು ದವಡೆ ಹಲ್ಲು ಕೀಳಿಸಲು ಹೋದ ಮಾವ, ಎರಡು ಕೀಳಿಸಿದರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ವಿಚಾರಿಸಿದರು. ಇನ್ನೊಂದು ಹಲ್ಲು ಚೆನ್ನಾಗಿದೆಯಲ್ಲ ಎಂದರು ಡಾಕ್ಟರು. ಇರಲಿ, ಹೇಗೂ ಬಂದಿದ್ದೀನಲ್ಲ ಎಂದರು ಮಾವ. ಡಾಕ್ಟರು ಮಾತಾಡದೆ ಇಂಜೆಕ್ಷನ್ ಚುಚ್ಚಿ, ಆಮೇಲೆ ಬೆಲೆ ಹೇಳಿದರು. ನಾಲಿಗೆ ಮರಗಟ್ಟಿದ್ದ ಮಾವ ‘ಬ್ಬ ಬ್ಬ’ ಅಂದು ಪೂರ್ತಿ ದುಡ್ಡು ಕೊಟ್ಟು ಬಂದರು. ಇಂದಿಗೂ ಆ ಬೀದಿಯಲ್ಲಿ ಹೋಗುವಾಗ ಆ ಬೋರ್ಡಿನ ಕಡೆ ನೋಡುವುದಿಲ್ಲ.

ಚಿಕ್ಕಬಾಣಾವರದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಾವ ಈಗ ಸಾಲಾಗಿ ಬಾಡಿಗೆ ರೂಮುಗಳನ್ನು ಬೆಳೆದಿದ್ದಾರೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರೇ ಬಾಡಿಗೆದಾರರು. ಮಾವನ ವಿದ್ಯೆಯನ್ನು ದಿನಾ ನೋಡಿ ಅವರೂ ಕಲಿತುಬಿಟ್ಟಿದ್ದಾರೆ. ಬಾಡಿಗೆ ಜಾಸ್ತಿ ಮಾಡುತ್ತೇನೆ ಎಂದರೆ ಸಾಕು, ಚಾಪೆ ಸುತ್ತಿಕೊಂಡು ಹೊರಟೇಬಿಡುತ್ತಾರೆ. ಮಾವ ಮೂರನೇ ಹೆಜ್ಜೆಗೇ “ಬಾರಪ್ಪ, ಬಾ” ಎಂದು ಕರೆಯುತ್ತಾರೆ. “ಇದೇನು ಮಾವ, ಹದಿನೇಳು ಅಂತಿದ್ರಿ?” ಎಂದು ನಾನು ಕೆಣಕಿದ್ದಕ್ಕೆ, “ನಮ್ಮ ಅಂಗಳ ಇರೋದೇ ಐದ್ ಎಜ್ಜೆ ಕಣವ್ವ” ಅಂದರು.

ಮಾವ ಹಕಾರವನ್ನೂ ಖರ್ಚು ಮಾಡುವುದಿಲ್ಲ ಎಂಬುದು ಇಷ್ಟರಲ್ಲಿ ನಿಮಗೆ ತಿಳಿದಿರಬೇಕು. ಹೆಜ್ಜೆ ‘ಎಜ್ಜೆ’ಯಾದರೆ, ಹೋಗೋಣ ‘ಓಗಣ’ ಆದರೆ ಯಾರಿಗೂ ನಷ್ಟವಿಲ್ಲ. ತೊಂದರೆ ಇರುವುದು ‘ಹೇಳು’ ಎಂಬ ಮಾತಿನಲ್ಲಿ. ಅವರ ಬಾಯಲ್ಲಿ ಅದೂ ‘ಏಳು’, ಎದ್ದೇಳು ಎನ್ನುವುದೂ ‘ಏಳು’, ಆರರ ಮುಂದಿನ ಸಂಖ್ಯೆಯೂ ‘ಏಳು’. ಮನೆಯಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಕಾರಿನ ಶೋರೂಮಿನಲ್ಲಿ ನಡೆಯಬೇಕಲ್ಲ?

ಕಾರು ಬೇಕು ಎಂದವಳು ನಾನಲ್ಲ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಅಳೆದು ನೋಡಿ ಪಾಸು ಮಾಡುವವಳು. ಸ್ಕೂಟರಿನಲ್ಲಿ ಓಡಾಡಿಕೊಂಡಿದ್ದೆ. ನನಗೆ ಆರು ತಿಂಗಳು ತುಂಬಿದ ದಿನ ಮಾವ ಮನೆಗೆ ಬಂದು, ಹೆರಿಗೆಗೆ ಮುಂಚೆ ಸ್ವಂತ ಕಾರು ಬಾಗಿಲಲ್ಲಿ ನಿಂತಿರಬೇಕು ಎಂದು ಅಪ್ಪಣೆ ಮಾಡಿದರು. ಫೋನಿನಲ್ಲಿ ಬುಕ್ ಮಾಡಿದರೆ ಐದು ನಿಮಿಷಕ್ಕೆ ಗಾಡಿ ಬರುತ್ತದಲ್ಲ ಎಂದೆ.

“ಬತ್ತದೆ. ಆಮೇಲೆ ಕ್ಯಾನ್ಸಲ್ ಮಾಡ್ತಾನೆ. ಆಗೇನ್ ಮಾಡ್ತೀಯ?”

“ಇನ್ನೊಂದು ಬುಕ್ ಮಾಡ್ತೀನಿ ಮಾವ.”

“ಒಟ್ಟೇಲಿರೋದು ಇನ್ನೊಂದು ಬುಕ್ಕಾಗೋಗಂಟ ಕಾಯ್ತದಾ?”

ಒಂದು ಬೀಡಿಕಟ್ಟಿಗೂ ಎದ್ದು ಹೊರಡುವ ಮನುಷ್ಯ ಕಾರು ಕೊಳ್ಳು ಎಂದು ಹಟ ಹಿಡಿದಿದ್ದು ನನಗೆ ವಿಚಿತ್ರವಾಗಿ ಕಂಡಿತು. ಎಲೆಕ್ಟ್ರಾನಿಕ್ ಸಿಟಿಗೆ ಬೆಳಕು ಹರಿಯುವ ಮೊದಲೇ ಹೊರಡುವ ನನ್ನ ಗಂಡ, ಸಾಲದ ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ, ನಿಮ್ಮ ಮಾವನ ಜೊತೆ ಅಂಗಡಿಗೆ ಮಾತ್ರ ಬರುವುದಿಲ್ಲ ಎಂದು ಕೈಮುಗಿದರು. ಹಾಗಾಗಿ ತುಮಕೂರು ರಸ್ತೆಯ ಶೋರೂಮಿಗೆ ನಾನು, ನನ್ನ ಹೊಟ್ಟೆ ಮತ್ತು ಮಾವ ಹೋದೆವು.

ನಮ್ಮನ್ನು ಒಂದು ಸೋಫಾದಲ್ಲಿ ಕೂರಿಸಿದರು. ಆ ಸೋಫಾ ಎಷ್ಟು ಮೆತ್ತಗಿತ್ತೆಂದರೆ ಕೂತ ನಾನು ಮೊಳಕಾಲು ಮಾತ್ರ ಕಾಣುವಷ್ಟು ಒಳಗೆ ಹೋದೆ. ನಗುಮುಖದ ಸೇಲ್ಸ್ ಮೇಡಂ ಎದುರಿಗೆ ಕೂತು ಎಕ್ಸ್ ಶೋರೂಂ ಬೆಲೆ ಒಂದು, ಆನ್ ರೋಡ್ ಬೆಲೆ ಇನ್ನೊಂದು ಎಂದು ವಿವರಿಸಿದರು. ಮಾವ ಗಂಭೀರವಾಗಿ ಕೇಳಿಸಿಕೊಂಡರು.

“ಅಂದ್ರೆ ಕಾರು ಇಲ್ಲೇ ಒಳಗಿದ್ರೆ ಒಂದ್ ರೇಟು, ರೋಡಿಗಿಳಿದ್ರೆ ಇನ್ನೊಂದ್ ರೇಟು?”

“ಹೌದು ಸಾರ್.”

“ಅಂಗಾದ್ರೆ ನಮ್ಮುಡುಗಿ ಇಲ್ಲೇ ಒಳಗೇ ಓಡಿಸ್ಕತಾಳೆ ಬುಡಿ. ಇದೇನಿದು, ಆಂಡ್ಲಿಂಗು?”

“ಹ್ಯಾಂಡ್ಲಿಂಗ್ ಚಾರ್ಜ್ ಸಾರ್. ಗಾಡಿ ತರಿಸೋದು, ತೊಳೆಯೋದು, ಎಲ್ಲ.”

“ಮುಟ್ಟಿದ್ದಕ್ಕೆ ದುಡ್ಡಾ? ನೀವು ಮುಟ್ಲೇಬೇಡಿ, ನಾನೇ ತೊಳ್ಕತೀನಿ. ಈಗ ಕೊನೇ ರೇಟು ಏಳಮ್ಮ.”

ಮೇಡಂ ತಟ್ಟನೆ ಎದ್ದು ನಿಂತರು. ಪಾಪ, ತಮ್ಮಿಂದ ಏನೋ ತಪ್ಪಾಯಿತು ಎಂದುಕೊಂಡರೇನೋ! “ಅಯ್ಯೋ, ಏಳಮ್ಮ ಅಂದ್ರೆ ಏಳೋದಲ್ಲಮ್ಮ, ಏಳೋದು” ಎಂದು ಮಾವ ಸಮಾಧಾನ ಮಾಡಿದರು. “ಏಳು ಸಾವಿರ ಕಡಿಮೆ ಮಾಡಬೇಕಾ ಸಾರ್?” ಎಂದು ಮೇಡಂ ಕೂತುಕೊಳ್ಳುತ್ತಾ ಕೇಳಿದರು. ಅನಾಯಾಸವಾಗಿ ಏಳು ಸಾವಿರದ ಮಾತು ಬಂದದ್ದು ಕಂಡು ಮಾವನ ಕಣ್ಣು ಹೊಳೆಯಿತು. ಇನ್ನೂ ಎಳೆಯಬಹುದು ಎನಿಸಿ, “ಏಳವ್ವ, ಓಗಣ” ಎಂದು ನನಗೆ ಹೇಳಿ ಹೊರಟರು.

ನಾನು ಏಳಬೇಕಲ್ಲ! ಒಂದು ಕೈ ಊರಿದರೆ ಸೋಫಾ ಕೈಯನ್ನೂ ನುಂಗಿತು. ಹೊಟ್ಟೆ ಒಂದು ಕಡೆ, ನಾನೊಂದು ಕಡೆ. ಮಾವ ಬಾಗಿಲು ತಲುಪಿದರು. ಬಾಗಿಲು ತಾನೇ ತೆರೆದುಕೊಂಡಿತು. ಹಿಂದಕ್ಕೆ ಕರೆಯಬೇಕಾದ ಮೇಡಂ ಬಗ್ಗಿ ನನ್ನ ತೋಳು ಹಿಡಿದು “ನಿಧಾನ ಅಕ್ಕ, ನಿಧಾನ” ಎನ್ನುತ್ತಿದ್ದರು. ಹೊರಗೆ ಮಾವ ಹದಿನೇಳು ಮುಗಿಸಿ, ಹದಿನೆಂಟನೆಯದನ್ನು ಇಡಲಾರದೆ ಒಂಟಿಕಾಲಲ್ಲಿ ನಿಂತಿದ್ದರು. “ಬಾಗಿಲೇ ಓಗು ಅಂತು ಕಣವ್ವ, ಇಂಥ ಅಂಗಡಿ ನಾನು ನೋಡಿರಲಿಲ್ಲ” ಎಂದು ದಾರಿಯುದ್ದಕ್ಕೂ ಬೈದರು.

ಸಂಜೆ ಶೋರೂಮಿನಿಂದ ಫೋನ್ ಬಂತು. ಮಾವ ಕುರ್ಚಿಯಿಂದ ನೆಗೆದರು. “ನೋಡ್ದಾ, ಕರೆದ್ರು!” ಫೋನ್ ಮಾಡಿದ್ದು ಬೇರೆ ಯಾರೋ. ಶೋರೂಮಿನ ಅನುಭವಕ್ಕೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಲು. ಮಾವ ಫೋನ್ ಇಸಿದುಕೊಂಡು, “ಐದೂ ಕೊಡ್ತೀನಿ ಕಣಮ್ಮ, ಆಂಡ್ಲಿಂಗ್ ತೆಗೀತೀರಾ?” ಎಂದರು. ಅದು ತಮ್ಮ ಕೈಲಿಲ್ಲ ಎಂದಿತು ಆ ಕಡೆಯ ದನಿ. “ಅಂಗಾದ್ರೆ ಒಂದೂವರೆ” ಎಂದು ಫೋನ್ ಇಟ್ಟರು.

ಈ ಶೋರೂಮು ಸರಿಯಿಲ್ಲ, ವೈಟ್‌ಫೀಲ್ಡ್ ಕಡೆ ನೋಡೋಣ ಎಂದು ಒಂದು ಭಾನುವಾರ ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ಪಟ್ಟಂದೂರು ಅಗ್ರಹಾರದ ಹತ್ತಿರದ ಆ ಶೋರೂಮಿನಲ್ಲಿ ಕತ್ತಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಸಾಫ್ಟ್‌ವೇರ್ ಮಹಾಶಯ ಲ್ಯಾಪ್‌ಟಾಪು ತೆರೆದು ಎಂಟು ಶೋರೂಮುಗಳ ಬೆಲೆಪಟ್ಟಿಯನ್ನು ಬಣ್ಣಬಣ್ಣದ ಮನೆಗಳಲ್ಲಿ ತುಂಬಿಕೊಂಡು ಕೂತಿದ್ದರು. ಭಾನುವಾರವೂ ಯಾಕೆ ಚೀಟಿ ತೆಗೆಯಲಿಲ್ಲವೋ ಆ ದೇವರಿಗೇ ಗೊತ್ತು. ಮಾವ ಅವರಿಗೆ ಲ್ಯಾಪ್‌ಟಾಪು ಮುಚ್ಚಿಸಿ ಹದಿನೇಳು ಹೆಜ್ಜೆಯ ದೀಕ್ಷೆ ಕೊಟ್ಟರು. ಇಬ್ಬರೂ ಒಟ್ಟಿಗೆ ಎದ್ದು ಹೊರಟರು. ಶಿಷ್ಯ ಕೈಗಡಿಯಾರದಲ್ಲೇ ಹೆಜ್ಜೆ ಎಣಿಸಿ, “ಅಂಕಲ್, ಸೆವೆಂಟೀನ್ ಆಯ್ತು” ಎಂದರು. ಯಾರೂ ಕರೆಯಲಿಲ್ಲ. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತ ಶಿಷ್ಯ, “ಸಾರಿ ಅಂಕಲ್, ಲೋನ್ ಸ್ಯಾಂಕ್ಷನ್ ಆಗ್ಬಿಟ್ಟಿದೆ” ಎಂದು ಒಳಗೆ ಹೋಗಿ ಬುಕ್ ಮಾಡಿಬಿಟ್ಟರು. ಕೇಳಿದಷ್ಟು ಕೊಟ್ಟು ಕೊಟ್ಟು ಈ ಜನ ಇಡೀ ಊರಿನ ವ್ಯಾಪಾರವನ್ನೇ ಕೆಡಿಸಿದ್ದಾರೆ ಎಂದು ಮಾವ ಮೆಟ್ರೋದಲ್ಲಿ ಕೂತು ಶೋಕಿಸಿದರು.

ಹೀಗೆ ಎದ್ದು ಹೊರಡುವುದರಲ್ಲಿ ಎರಡು ತಿಂಗಳು ಕಳೆಯಿತು. ನನಗೆ ಒಂಬತ್ತಕ್ಕೆ ಬಿತ್ತು. ಸ್ಕೂಟರು ಮುಟ್ಟಬೇಡಿ ಎಂದು ಡಾಕ್ಟರು ಹೇಳಿ ಆಗಿತ್ತು. ಮಾವ ದಿನಾ ಬಂದು ನನ್ನ ಹೊಟ್ಟೆ ನೋಡಿ, ಬಾಗಿಲ ಮುಂದಿನ ಖಾಲಿ ಜಾಗ ನೋಡಿ ಪೇಚಾಡುತ್ತಿದ್ದರು. ಆದರೂ ಚೌಕಾಸಿ ಬಿಡಬೇಕಲ್ಲ? ಅದು ಅವರ ಕೈಮೀರಿದ ಕಾಯಿಲೆ.

ಮತ್ತೆ ತುಮಕೂರು ರಸ್ತೆಗೇ ಹೋದೆವು. ಅದೇ ಮೇಡಂ ಇದ್ದರು. ನನ್ನನ್ನು ನೋಡಿ ಅವರಿಗೇ ಆತಂಕವಾಯಿತು.

“ಸಾರ್, ಈಗ ಬುಕ್ ಮಾಡೋರಿಗೆಲ್ಲ ಗಾಡಿ ಬರೋದು ಎರಡು ತಿಂಗಳಿಗೆ. ಒಬ್ಬರು ಬೇಡ ಅಂದಿದ್ದು ಒಂದೇ ಒಂದು ಇದೆ. ಅದಾದ್ರೆ ಈ ವಾರಾನೇ ಕೊಡ್ತೀನಿ. ಏಳು ಸಾವಿರ ಕಡಿಮೆ ಮಾಡಿಸಿದೀನಿ. ಇನ್ನೊಬ್ಬರು ಅದನ್ನೇ ನೋಡೋಕೆ ಬರ್ತಿದಾರೆ.”

“ಇನ್ನೊಬ್ರು ಎಲ್ಲಾ ಅಂಗಡೀಲೂ ಬತ್ತಾ ಇರ್ತಾರೆ ಕಣಮ್ಮ. ಆಂಡ್ಲಿಂಗ್ ತೆಗಿ, ಈಗ್ಲೇ ತಗತೀವಿ.”

“ಆಗಲ್ಲ ಸಾರ್.”

“ಏಳವ್ವ, ಓಗಣ.”

ಮಾವ ಹೊರಟರು. ಈ ಸಲ ಇನ್ನೊಬ್ಬರು ನಿಜವಾಗಿಯೂ ಬಂದಿದ್ದರು. ಗಂಡ ಹೆಂಡತಿ ಬಾಗಿಲಲ್ಲಿ ಮಾವನನ್ನು ದಾಟಿ ಒಳಗೆ ಬಂದು, ಮೇಡಂ ಹೇಳಿದ್ದ ಆ ಬಿಳಿ ಕಾರಿನ ಸುತ್ತ ತಿರುಗತೊಡಗಿದರು. ಮೇಡಂ ನನ್ನ ಕಡೆ ಒಮ್ಮೆ ನೋಡಿ, ಬೇರೆ ದಾರಿಯಿಲ್ಲದೆ ಅವರತ್ತ ನಡೆದರು. ನಾನು ಸೋಫಾದ ಅಂಚಿಗೆ ಎರಡೂ ಕೈ ಊರಿ ಏಳಲು ಹೆಣಗುತ್ತಿದ್ದೆ. ಸೊಂಟ ಹಿಡಿದುಕೊಂಡಿತ್ತು. ಗಾಜಿನಾಚೆ ಮಾವ ಹದಿನೇಳು ಮುಗಿಸಿ, ಯಾರಾದರೂ ಕರೆಯುವವರೆಗೆ ಹೊತ್ತು ಕಳೆಯಲು ಬಗ್ಗಿ ಚಪ್ಪಲಿಯ ಲೇಸು ಕಟ್ಟಿಕೊಳ್ಳುತ್ತಿದ್ದರು. ಹವಾಯಿ ಚಪ್ಪಲಿಗೆ ಲೇಸು ಎಲ್ಲಿಂದ ಬರಬೇಕು?

ಬಗ್ಗಿದವರು ತಲೆಯೆತ್ತಿ ಗಾಜಿನೊಳಗೆ ನೋಡಿದರು. ಅರ್ಧ ಎದ್ದು ನೋವಿಗೆ ಮುಖ ಕಿವುಚಿ ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ನಡೆದದ್ದನ್ನು ನಾನು ಮನೆಯಲ್ಲಿ ಹೇಳಿದರೆ ಇಂದಿಗೂ ಯಾರೂ ನಂಬುವುದಿಲ್ಲ. ಯಾರೂ ಕರೆಯದೆ ನಮ್ಮ ಮಾವ ಹಿಂದಕ್ಕೆ ಬಂದರು. ನಡೆದುಕೊಂಡಲ್ಲ, ಪಂಚೆ ಎತ್ತಿ ಹಿಡಿದು ಓಡಿಕೊಂಡು.

“ಏಳ್ಬೇಡ. ಕೂತ್ಕೊ” ಅಂದರು ನನಗೆ. ಆ ದಂಪತಿಗೆ ಕೈಮುಗಿದು, “ತೆಪ್ಪು ತಿಳಿಬ್ಯಾಡಿ, ಆ ಗಾಡಿ ನಮ್ದು” ಎಂದರು. ಮೇಡಂ ಕಡೆ ತಿರುಗಿ, “ಎಲ್ಲಿ ರುಜು ಆಕ್ಬೇಕೋ ಇವಳ ಕೈಲಿ ಆಕಿಸ್ಕಳಮ್ಮ. ಆ ಆಂಡ್ಲಿಂಗೂ ಸೇರಿಸ್ಕೊ” ಎಂದರು. ಮೇಡಂಗೆ ಏನನಿಸಿತೋ, ಮ್ಯಾಟ್ ಮಾತ್ರ ಫ್ರೀ ಹಾಕಿಸಿಕೊಡುತ್ತೇನೆ ಎಂದರು. ಮಾವನಿಗೆ ಅದು ಕೇಳಿಸಲೇ ಇಲ್ಲ.

ಹೊರಗೆ ಬಂದಾಗ ಆಟೋದವನು ಮೀಟರಿನ ಎರಡರಷ್ಟು ಕೇಳಿದ. ನಾನು ಅಭ್ಯಾಸಬಲದಿಂದ ನಡೆಯಲು ಸಿದ್ಧಳಾದೆ. ಮಾವ ಏನೂ ಕೇಳದೆ ನನ್ನನ್ನು ಹತ್ತಿಸಿ, “ಅಳ್ಳ ನೋಡ್ಕಂಡು ನಿಧಾನಕ್ಕೆ ಓಗಪ್ಪ” ಅಂದರು.

“ಮೈಗೆ ಹುಷಾರಿಲ್ವಾ ಮಾವ?” ಎಂದೆ.

ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿಗೆ ಆಟೋ ನಿಂತಾಗ ಮಾವ ರಸ್ತೆ ನೋಡುತ್ತಲೇ ಶುರು ಮಾಡಿದರು.

“ನೀನು ಉಟ್ಟೋ ದಿವ್ಸ ಗಾಡಿ ತತ್ತೀನಿ ಅಂತ ಬಂದೋನು ನಾನೇ ಕಣವ್ವ. ಇಲ್ಲೇ ಬಾಡಿಗೆ ಕಾರು ನಿಂತಿರೋದು, ಇರೋದೇ ಒಂದು. ಐವತ್ತು ರೂಪಾಯಿ ಜಾಸ್ತಿ ಕೇಳ್ದ. ನಾನು ಎದ್ದು ಒಂಟೆ. ಕರೀತಾನೆ ಅಂತ.”

ನಾನು ಇಟ್ಟಿಗೆ ಲಾರಿಯಲ್ಲಿ ಹುಟ್ಟಿದವಳು ಎಂಬುದು ನಮ್ಮ ಮನೆಯ ಹಳೇ ತಮಾಷೆ. ಯಾಕೆ ಲಾರಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಊರಲ್ಲಿ ಆಗ ಗಾಡಿ ಸಿಗುತ್ತಿರಲಿಲ್ಲವೇನೋ ಅಂದುಕೊಂಡಿದ್ದೆ.

“ತಿರುಗಿ ನೋಡೋ ಒತ್ಗೆ ಬೇರೆಯೋರ್ನ ಅತ್ತಿಸ್ಕಂಡು ಒಂಟೋಗಿದ್ದ. ಕೊನೆಗೆ ಇಟ್ಟಿಗೆ ಲಾರಿಗೆ ಕೈ ಅಡ್ಡ ಆಕಿ ನಿಲ್ಲಿಸ್ದೆ. ಮೂರ್ ತಿಂಗ್ಳು ನಿಮ್ಮವ್ವ ಆಸ್ಪತ್ರೆಯಿಂದ ಮನೇಗೆ ಬರ್ಲಿಲ್ಲ.”

ಇಷ್ಟು ದಿನ ಮಾವನ ಹೆಜ್ಜೆ ಎಣಿಸಿ ನಕ್ಕವಳು ನಾನು. ಅಳು ಬಂದೇಬಿಟ್ಟಿತು. ಅವರ ಒರಟು ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

“ಅಮ್ಮ ಒಂದು ದಿನಾನೂ ಇದನ್ನ ನಮ್ಮತ್ರ ಹೇಳಿಲ್ಲ ಮಾವ.”

“ಎಂಗ್ ಏಳ್ತಾಳೆ?” ಅಂದರು ಮಾವ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ. “ಅಕ್ಕ ಅಲ್ವಾ.”